ತಿಂಗಳಿಗೆ ಎಷ್ಟು ಕಟ್ತೀರಿ ಸರ್?

ಮೊದಲ ಕಾರು ಬುಕ್ ಮಾಡಿ ಮನೆಗೆ ಬಂದ ದಿನ ಭಾವ ಕೇಳಿದರು, "ಎಷ್ಟಕ್ಕೆ ಬಂತೋ?" ನಾನು ತಿಂಗಳ ಕಂತು ಹೇಳಿದೆ. "ಕಂತಲ್ಲ ಕಣೋ, ಕಾರಿಗೆ ಎಷ್ಟು?" ಅಂದರು. ಬಾಯಿ ಕಟ್ಟಿತು. ಕವರಿನಿಂದ ಕಾಗದ ತೆಗೆದು ಹರಡಿದೆ. ಕೊಟೇಶನ್‌ನಲ್ಲಿ ಒಂದು ಮೊತ್ತ, ಬುಕಿಂಗ್ ಫಾರಂನಲ್ಲಿ ಇನ್ನೊಂದು, ಸಾಲದ ಅರ್ಜಿಯಲ್ಲಿ ಮತ್ತೊಂದು. ಮೂರು ಗಂಟೆ ಶೋರೂಮಿನಲ್ಲಿ ಕೂತು, ಚೌಕಾಸಿ ಮಾಡಿ, ಸೀಟ್ ಕವರ್, ಮ್ಯಾಟ್ ಎಲ್ಲ ಫ್ರೀ ಹಾಕಿಸಿಕೊಂಡು ಭಾರೀ ಗೆದ್ದವನ ಹಾಗೆ ಬಂದಿದ್ದೆ. ಕಾರು ಎಷ್ಟಕ್ಕೆ ಬಂತು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಯೋಚಿಸಿದರೆ, ಎಡವಿದ್ದು ಮೊದಲ ಐದು ನಿಮಿಷದಲ್ಲೇ. ಸೇಲ್ಸ್‌ಮನ್ ಒಳ್ಳೆ ಹುಡುಗ. ಕೂರಿಸಿದ, ನೀರು ತರಿಸಿದ, ನಗುನಗುತ್ತಾ ಕೇಳಿದ: "ತಿಂಗಳಿಗೆ ಎಷ್ಟು ಕಟ್ತೀರಿ ಸರ್?" ಪಾಪ, ನನ್ನ ಅನುಕೂಲಕ್ಕೆ ಕೇಳ್ತಿದ್ದಾನೆ ಅಂದುಕೊಂಡು ಒಂದು ಅಂಕಿ ಹೇಳಿಬಿಟ್ಟೆ. ಅಲ್ಲಿಂದ ಮುಂದೆ ಅವನಿಗೆ ಇದ್ದದ್ದು ಒಂದೇ ಕೆಲಸ, ಹೇಗಾದರೂ ಮಾಡಿ ಕಂತನ್ನು ಆ ಅಂಕಿಗೆ ತಂದು ನಿಲ್ಲಿಸುವುದು. ನಿಲ್ಲಿಸಿದ. ಬೆಲೆ ಇಳಿಸಲಿಲ್ಲ, ಸಾಲದ ಅವಧಿ ಎಳೆದ, ಅಷ್ಟೇ.

ಚೌಕಾಸಿಗೆ ಬಾಯಿ ಜೋರಿರಬೇಕು ಅಂತ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಕಾರಿನ ವಿಷಯದಲ್ಲಿ ಬಾಯಿಗಿಂತ ಪೆನ್ನು ಮುಖ್ಯ. ಶೋರೂಮಿನ ಒಂದೇ ಮೇಜಿನ ಮೇಲೆ ನಾಲ್ಕು ವ್ಯಾಪಾರ ಒಟ್ಟಿಗೆ ನಡೆಯುತ್ತಿರುತ್ತವೆ. ಹೊಸ ಕಾರು ನೀವು ಕೊಳ್ಳುತ್ತೀರಿ. ನಿಮ್ಮ ಹಳೆ ಕಾರು ಅವರು ಕೊಳ್ಳುತ್ತಾರೆ. ಅವರ ಮೂಲಕ ಸಾಲ ತೆಗೆಯುತ್ತೀರಿ. ಜೊತೆಗೆ ಇನ್ಶೂರೆನ್ಸ್, ಎಕ್ಸ್‌ಟೆಂಡೆಡ್ ವಾರಂಟಿ, ಕೋಟಿಂಗ್, ಆಕ್ಸೆಸರಿ ಅಂತ ಒಂದಿಷ್ಟು ಸಾಮಾನು ಕೊಳ್ಳುತ್ತೀರಿ. ಈ ನಾಲ್ಕೂ ಒಂದಕ್ಕೊಂದು ಕಲಸಿಹೋದಷ್ಟೂ ಅವರಿಗೆ ಲಾಭ, ಬಿಡಿಸಿಟ್ಟಷ್ಟೂ ನಿಮಗೆ. ಅಮೆರಿಕದ ಡೀಲರ್‌ಗಳಲ್ಲಿ ಇದಕ್ಕೆಂದೇ 'ಫೋರ್ ಸ್ಕ್ವೇರ್' ಅಂತ ಒಂದು ಹಾಳೆ ಬಹಳ ಕಾಲದಿಂದ ಇದೆ. ಹಾಳೆಯಲ್ಲಿ ನಾಲ್ಕು ಚೌಕ: ಕಾರಿನ ಬೆಲೆ, ಹಳೆ ಕಾರಿನ ಬೆಲೆ, ಡೌನ್ ಪೇಮೆಂಟ್, ತಿಂಗಳ ಕಂತು. ನೀವು ಒಂದು ಚೌಕದಲ್ಲಿ ಜಗ್ಗಿದರೆ ಅಲ್ಲಿ ಬಿಟ್ಟುಕೊಟ್ಟು, ಇನ್ನೊಂದು ಚೌಕದಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆ. ನಿಮ್ಮ ಕಣ್ಣು ಒಂದೇ ಚೌಕದ ಮೇಲೆ ನೆಟ್ಟಿರುತ್ತದಲ್ಲ, ಅದೇ ಅವರಿಗೆ ಬೇಕಾಗಿರುವುದು.

ಅವರ ದುಡ್ಡು ಎಲ್ಲಿದೆ

ಡೀಲರ್ ಎಲ್ಲಿ ಸಂಪಾದಿಸುತ್ತಾನೆ ಅಂತ ಗೊತ್ತಾದರೆ ಎಲ್ಲಿ ಜಗ್ಗಬೇಕು ಅನ್ನೋದೂ ಗೊತ್ತಾಗುತ್ತದೆ. ಹೊಸ ಕಾರಿನ ಮಾರ್ಜಿನ್ ನಾವು ಅಂದುಕೊಂಡಷ್ಟು ದಪ್ಪ ಇರುವುದಿಲ್ಲ. ಸಣ್ಣ ಕಾರುಗಳಲ್ಲಂತೂ ತೀರಾ ತೆಳು. ಆದರೆ ಸಾಲ ಮಾಡಿಸಿಕೊಟ್ಟರೆ ಬ್ಯಾಂಕಿನಿಂದ ಕಮಿಷನ್ ಬರುತ್ತದೆ. ಇನ್ಶೂರೆನ್ಸ್ ಮಾಡಿಸಿದರೆ ಅಲ್ಲಿಂದ ಬರುತ್ತದೆ. ನಿಮ್ಮ ಹಳೆ ಕಾರನ್ನು ತೊಳೆದು, ಪಾಲಿಶ್ ಹೊಡೆದು ಮಾರಿದರೆ ಅದರಲ್ಲೂ ಬರುತ್ತದೆ. ಕಾರು ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಸರ್ವಿಸ್ ಬಿಲ್ಲು ಬೇರೆ.

ಇದಲ್ಲದೆ ಕಾರು ತಯಾರಿಸುವ ಕಂಪನಿ ಡೀಲರ್‌ಗೆ ಟಾರ್ಗೆಟ್ ಕೊಟ್ಟಿರುತ್ತದೆ. ತಿಂಗಳಿಗೆ ಅಥವಾ ಮೂರು ತಿಂಗಳಿಗೆ ಇಷ್ಟು ಕಾರು ಮಾರಿದರೆ ಬೋನಸ್. ಒಂದೆರಡು ಕಾರು ಕಮ್ಮಿ ಬಿದ್ದರೆ ಇಡೀ ಬೋನಸ್ ಕೈತಪ್ಪುವ ಪರಿಸ್ಥಿತಿ ಬಂದಾಗ, ಆ ಒಂದೆರಡು ಕಾರನ್ನು ನಷ್ಟಕ್ಕೆ ಕೊಟ್ಟರೂ ಅವರಿಗೆ ಲೆಕ್ಕ ಸರಿಹೋಗುತ್ತದೆ. ತಿಂಗಳ ಕೊನೆಯಲ್ಲಿ ಹೋಗಿ ಅಂತ ಎಲ್ಲರೂ ಹೇಳುವುದು ಇದಕ್ಕೇ. ಟಾರ್ಗೆಟ್ ಆಗಲೇ ಮುಟ್ಟಿದ್ದರೆ 30ನೇ ತಾರೀಕೂ ಒಂದೇ, 3ನೇ ತಾರೀಕೂ ಒಂದೇ.

ತಾರೀಕಿಗಿಂತ ನನಗೆ ಜಾಸ್ತಿ ನಂಬಿಕೆ ಇರುವುದು ಅಂಗಳದಲ್ಲಿ ನಿಂತ ಕಾರಿನ ಮೇಲೆ. ಡೀಲರ್‌ಗಳು ಸಾಮಾನ್ಯವಾಗಿ ಸಾಲ ತಂದು ಸ್ಟಾಕ್ ಇಡುತ್ತಾರೆ. ಕಾರು ನಿಂತಷ್ಟು ದಿನವೂ ಬಡ್ಡಿ ಓಡುತ್ತಿರುತ್ತದೆ. ಯಾರೂ ಕೇಳದ ಬಣ್ಣ, ಓಡದ ವೇರಿಯಂಟ್, ಹೊಸ ಮಾಡೆಲ್ ಬರುವ ಮೊದಲು ಉಳಿದುಕೊಂಡ ಹಳೆಯದು, ಇವನ್ನು ಸಾಗಹಾಕುವ ಆತುರ ನಿಮಗಿಂತ ಅವರಿಗೇ ಜಾಸ್ತಿ. ಬಣ್ಣದಲ್ಲಿ ಹಟ ಇಲ್ಲದವರಿಗೆ ಇಲ್ಲೇ ಒಳ್ಳೆ ರಿಯಾಯಿತಿ ಸಿಗುವುದು. ಇದರ ಉಲ್ಟಾ ಕೂಡ ನಿಜ. ತಿಂಗಳುಗಟ್ಟಲೆ ವೇಟಿಂಗ್ ಇರುವ ಕಾರಿಗೆ ಚೌಕಾಸಿ ಮಾಡಿ ಸುಮ್ನೆ ಗಂಟಲು ನೋಯಿಸಿಕೊಳ್ಳಬೇಡಿ. ಅಲ್ಲಿ ಕೇಳಬೇಕಾದ್ದು ಎರಡೇ: ಪಟ್ಟಿ ಬೆಲೆಯ ಮೇಲೆ ಏನೂ ಸೇರಿಸಬೇಡಿ, ಬೇಡದ ಆಕ್ಸೆಸರಿ ಕಿಟ್ ತಲೆಗೆ ಕಟ್ಟಬೇಡಿ.

ನೂರರ ಲೆಕ್ಕ

ಈಗ ಸಾಲ. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ಭಾಗ. ನಾನು ದುಡ್ಡು ಕಳೆದುಕೊಂಡಿದ್ದೂ ಇಲ್ಲೇ. ಎಲ್ಲವನ್ನೂ 100ಕ್ಕೆ ಇಳಿಸಿ ನೋಡೋಣ.

ಸಾಲ 100, ಬಡ್ಡಿ ವರ್ಷಕ್ಕೆ ಶೇಕಡ 10, ಅವಧಿ 5 ವರ್ಷ. ತಿಂಗಳ ಕಂತು ಸುಮಾರು 2.12 ಬೀಳುತ್ತದೆ. 60 ಕಂತು ಕಟ್ಟಿ ಮುಗಿಸುವಾಗ ಒಟ್ಟು 127.5 ಕೊಟ್ಟಿರುತ್ತೀರಿ. "ಜಾಸ್ತಿ ಆಯ್ತು" ಅಂದಿರಿ ಅನ್ನಿ. ಸೇಲ್ಸ್‌ಮನ್ ಕ್ಯಾಲ್ಕ್ಯುಲೇಟರ್ ಒತ್ತಿ ಅವಧಿಯನ್ನು 7 ವರ್ಷಕ್ಕೆ ತರುತ್ತಾನೆ. ಕಂತು 1.66ಕ್ಕೆ ಇಳಿಯಿತು. ಐದನೇ ಒಂದು ಭಾಗಕ್ಕಿಂತ ಜಾಸ್ತಿಯೇ ಇಳಿಯಿತು! ನಿಮಗೆ ಖುಷಿ. ಆದರೆ ಈಗ ಒಟ್ಟು ಕೊಡುವುದು 139.5. ಕಾರಿನ ಬೆಲೆಯಲ್ಲಿ ಒಂದು ಪೈಸೆಯೂ ಇಳಿದಿಲ್ಲ, ನಿಮ್ಮ ಜೇಬಿನಿಂದ ಮಾತ್ರ ಇನ್ನೂ 12 ಹೋಯಿತು. ನನ್ನ ಫ್ರೀ ಸೀಟ್ ಕವರಿನ ಕತೆ ಇಷ್ಟೇ.

ಇದಕ್ಕಿಂತ ಮೋಸದ್ದು ಫ್ಲ್ಯಾಟ್ ರೇಟ್. ಕೇಳಲು ಸರಳ: 100ಕ್ಕೆ ಶೇಕಡ 10ರಂತೆ 5 ವರ್ಷಕ್ಕೆ 50 ಬಡ್ಡಿ, ಒಟ್ಟು 150, ತಿಂಗಳಿಗೆ 2.5. ಮೇಲೆ ಹೇಳಿದ ಸಾಲದಲ್ಲೂ ಶೇಕಡ 10, ಇಲ್ಲೂ ಶೇಕಡ 10, ಆದರೆ ಅಲ್ಲಿ ಬಡ್ಡಿ 27.5, ಇಲ್ಲಿ 50. ಯಾಕೆ? ಅಲ್ಲಿ ನೀವು ಅಸಲು ತೀರಿಸುತ್ತಾ ಹೋದ ಹಾಗೆ ಉಳಿದ ಬಾಕಿಗೆ ಮಾತ್ರ ಬಡ್ಡಿ. ಇಲ್ಲಿ ಮುಕ್ಕಾಲು ಸಾಲ ತೀರಿಸಿದ ಮೇಲೂ ಪೂರ್ತಿ 100ಕ್ಕೆ ಬಡ್ಡಿ ಕಟ್ಟುತ್ತಿರುತ್ತೀರಿ. ಇದನ್ನು ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ನಿಜವಾದ ಬಡ್ಡಿ ಶೇಕಡ 17 ದಾಟುತ್ತದೆ. ಹಾಗಾಗಿ ಬಡ್ಡಿ ದರ ಎಷ್ಟು ಅಂತಷ್ಟೇ ಕೇಳಿದರೆ ಸಾಲದು. "ಎಲ್ಲ ಕಂತೂ ಕೂಡಿಸಿದರೆ ಒಟ್ಟು ಎಷ್ಟು ಕಟ್ಟಬೇಕು? ಪ್ರೊಸೆಸಿಂಗ್ ಫೀಸ್ ಎಷ್ಟು? ಮಧ್ಯದಲ್ಲಿ ತೀರಿಸಿದರೆ ದಂಡ ಎಷ್ಟು?" ಅಂತ ಕೇಳಿ. ಫ್ಲ್ಯಾಟ್ ರೇಟು ಅಡಗಿದ್ದರೆ ಒಟ್ಟು ಮೊತ್ತದಲ್ಲಿ ಸಿಕ್ಕಿಬೀಳುತ್ತದೆ.

'ಬಡ್ಡಿಯೇ ಇಲ್ಲ' ಅನ್ನುವ ಸ್ಕೀಮ್ ಇರುತ್ತದಲ್ವಾ? ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಇನ್ನೊಂದು ಆಯ್ಕೆ ಇರುತ್ತದೆ: ಆ ಸ್ಕೀಮ್ ಬೇಡ ಅಂದರೆ ಬೆಲೆಯಲ್ಲಿ ಇಷ್ಟು ರಿಯಾಯಿತಿ. ಯಾವುದು ಮೇಲು? 100ರ ಕಾರಿಗೆ 36 ಕಂತು, ಬಡ್ಡಿ ಇಲ್ಲ ಅಂದರೆ ತಿಂಗಳಿಗೆ 2.78. ಹೊರಗೆ ಶೇಕಡ 10ಕ್ಕೆ ಸಾಲ ಸಿಗುವುದಾದರೆ, ಅಷ್ಟೇ ಕಂತಿಗೆ ಸಿಗುವ ಸಾಲ ಸುಮಾರು 86. ಅಂದರೆ ರಿಯಾಯಿತಿ 14ಕ್ಕಿಂತ ಕಮ್ಮಿ ಇದ್ದರೆ ಬಡ್ಡಿ ಇಲ್ಲದ ಸಾಲವೇ ಲಾಭ. 14 ದಾಟಿದರೆ ರಿಯಾಯಿತಿ ಹಿಡಿದು ಹೊರಗೆ ಸಾಲ ಮಾಡುವುದು ವಾಸಿ. ಕೈಯಲ್ಲಿ ದುಡ್ಡಿದೆ, ಸಾಲವೇ ಬೇಡ ಅನ್ನುವವರು ಈ ರಿಯಾಯಿತಿಯನ್ನು ಬಾಯಿಬಿಟ್ಟು ಕೇಳಬೇಕು. ಪೋಸ್ಟರಿನಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದಿರುವುದು ಅಪರೂಪ.

ಒಂದು ಮಾತು. "ಪೂರ್ತಿ ಕ್ಯಾಶ್ ಕೊಡ್ತೀನಿ" ಅಂತ ಹೋದ ತಕ್ಷಣ ಹೇಳಿದರೆ ಬೆಲೆ ಇಳಿಯುತ್ತದೆ ಅಂತ ನಂಬಿಕೆ ಇದೆ. ಇಳಿಯಬೇಕಾದ ಕಾರಣವೇ ಇಲ್ಲ. ಸಾಲದ ಕಮಿಷನ್ ಹೋಯಿತು ಅಂತ ಅವರ ಉತ್ಸಾಹವೇ ಇಳಿಯುವ ಸಾಧ್ಯತೆ ಹೆಚ್ಚು. ಮೊದಲು ನಿಮ್ಮ ಬ್ಯಾಂಕಿನಲ್ಲಿ ಎಷ್ಟು ಬಡ್ಡಿಗೆ ಸಾಲ ಸಿಗುತ್ತದೆ ಅಂತ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಶೋರೂಮಿನಲ್ಲಿ "ಸಾಲದ ವಿಷಯ ಆಮೇಲೆ ಮಾತಾಡೋಣ" ಅನ್ನಿ. ಕಾರಿನ ಬೆಲೆ ಕುದುರಿದ ಮೇಲೆ ಆ ಕಾಗದ ತೆಗೆಯಿರಿ. ಅವರು ಅದಕ್ಕಿಂತ ಕಮ್ಮಿಗೆ ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಿ.

ಕಾರಿನ ಬೆಲೆ, ನಿಮ್ಮ ಮುಖದ ಬೆಲೆ

ಅಮೆರಿಕದಲ್ಲಿ 1958ರವರೆಗೆ ಹೊಸ ಕಾರಿನ ಮೇಲೆ ಬೆಲೆ ಅಂಟಿಸಬೇಕು ಅನ್ನುವ ಕಾನೂನು ಇರಲಿಲ್ಲ. ಡೀಲರ್ ಹೇಳಿದ್ದೇ ಬೆಲೆ. ಸೆನೆಟರ್ ಮೈಕ್ ಮನ್ರೋನಿ ಪಟ್ಟುಹಿಡಿದು ಕಾನೂನು ತಂದ ಮೇಲೆ ಗಾಜಿಗೆ ಬೆಲೆಚೀಟಿ ಬಂತು. ಇವತ್ತಿಗೂ ಅದನ್ನು ಮನ್ರೋನಿ ಸ್ಟಿಕರ್ ಅಂತಲೇ ಕರೆಯುತ್ತಾರೆ. ಆದರೆ ಬೆಲೆ ಅಂಟಿಸಿದ ಮಾತ್ರಕ್ಕೆ ಎಲ್ಲರಿಗೂ ಒಂದೇ ಬೆಲೆ ಆಗಲಿಲ್ಲ. ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಚಿಕಾಗೊ ಸುತ್ತಿನ ಡೀಲರ್‌ಗಳ ಬಳಿಗೆ ಬೇರೆ ಬೇರೆ ಜನರನ್ನು ಕೊಳ್ಳುವವರ ವೇಷದಲ್ಲಿ ಕಳಿಸಿದರು. ಎಲ್ಲರಿಗೂ ಒಂದೇ ಥರದ ಉಡುಪು, ಒಂದೇ ಥರ ಚೌಕಾಸಿ ಮಾಡುವ ತರಬೇತಿ. 1991ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಳಿಯ ಗಂಡಸರಿಗೆ ಕಮ್ಮಿ ಬೆಲೆ, ಬಿಳಿಯ ಹೆಂಗಸರಿಗೆ ಅದಕ್ಕಿಂತ ಜಾಸ್ತಿ, ಕಪ್ಪು ಜನರಿಗೆ ಇನ್ನೂ ಜಾಸ್ತಿ. ಮಾತು ಒಂದೇ, ಮುಖ ಬೇರೆ, ಬೆಲೆ ಬೇರೆ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಆಮೇಲಿನ ಒಂದು ಅಧ್ಯಯನ. ಫಿಯೋನಾ ಸ್ಕಾಟ್ ಮಾರ್ಟನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು. ಆನ್‌ಲೈನ್ ಸೇವೆಯ ಮೂಲಕ ಬೆಲೆ ಕೇಳಿ ಕೊಂಡವರಲ್ಲಿ ಜನಾಂಗದ ಈ ವ್ಯತ್ಯಾಸ ಹೆಚ್ಚುಕಮ್ಮಿ ಮಾಯವಾಗಿತ್ತು. ಎದುರಿಗೆ ಕೂತಾಗ ಸೇಲ್ಸ್‌ಮನ್ ನಿಮ್ಮ ಚಪ್ಪಲಿ, ವಾಚು, ನಿಮ್ಮ ಆತುರ, ಮಕ್ಕಳು ಸ್ಟೇರಿಂಗ್ ಹಿಡಿದು ಕುಣಿಯುವುದು ಎಲ್ಲವನ್ನೂ ನೋಡುತ್ತಾನೆ. ಮೇಲ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮಾತಿನಲ್ಲಿ ಸಂಕೋಚ ಇರುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಮರುವರ್ಷ ಭಾವ ಕಾರು ಕೊಳ್ಳಲು ಹೊರಟಾಗ ಮಾಡಿದ್ದು ಇದನ್ನೇ. ಶೋರೂಮಿಗೆ ಒಮ್ಮೆ ಹೋಗಿ ಓಡಿಸಿ ನೋಡಿದರು, ಮಾತು ಬೆಳೆಸದೆ ಬಂದರು. ಆಮೇಲೆ ನಾಲ್ಕು ಡೀಲರ್‌ಗಳಿಗೆ ಒಂದೇ ಮೇಲ್. "ಈ ಮಾಡೆಲ್, ಈ ವೇರಿಯಂಟ್. ಕಾರು ನನ್ನ ಕೈಗೆ ಬರುವಾಗ ಎಲ್ಲ ಸೇರಿ ಒಟ್ಟು ಎಷ್ಟು? ಒಂದೊಂದು ಬಾಬ್ತನ್ನೂ ಬಿಡಿಸಿ ಬರೆದು ಕಳಿಸಿ. ಹಳೆ ಕಾರು, ಸಾಲ ಈಗ ಬೇಡ. ಬೆಲೆ ಒಪ್ಪಿಗೆಯಾದರೆ ಈ ವಾರವೇ ಬುಕ್ ಮಾಡುತ್ತೇನೆ." ಕೊನೆಯ ವಾಕ್ಯಕ್ಕೆ ಬಹಳ ತೂಕವಿದೆ. ಸುಮ್ನೆ ಬೆಲೆ ಕೇಳುವವರು ದಿನಕ್ಕೆ ಹತ್ತು ಜನ. ಈ ವಾರವೇ ಕೊಳ್ಳುತ್ತೇನೆ ಅನ್ನುವವನಿಗೆ ಮ್ಯಾನೇಜರ್ ಕೂಡ ಉತ್ತರ ಬರೆಯುತ್ತಾನೆ.

ಮೂವರು ಬೆಲೆ ಬಿಡಿಸಿ ಬರೆದು ಕಳಿಸಿದರು. ನಾಲ್ಕನೆಯವನು "ಬನ್ನಿ ಸರ್, ಕೂತು ಮಾತಾಡೋಣ" ಅಂತಷ್ಟೇ ಬರೆದ. ಭಾವ ಅವನನ್ನು ಬಿಟ್ಟರು. ಮೂರೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆಶ್ಚರ್ಯ ಕಾದಿತ್ತು. ಮೇಲಿನ ಸಾಲು, ಅಂದರೆ ಕಾರಿನ ಪಟ್ಟಿ ಬೆಲೆ, ಮೂವರದ್ದೂ ಒಂದೇ. ತೆರಿಗೆ, ನೋಂದಣಿ ಕೂಡ ಒಂದೇ, ಅವು ಸರ್ಕಾರದ್ದಲ್ಲವೇ. ವ್ಯತ್ಯಾಸವೆಲ್ಲ ಕೆಳಗಿನ ಸಾಲುಗಳಲ್ಲಿ: ಇನ್ಶೂರೆನ್ಸ್, 'ಹ್ಯಾಂಡ್ಲಿಂಗ್', 'ಎಸೆನ್ಶಿಯಲ್ ಕಿಟ್', ರಿಯಾಯಿತಿ. ಕಮ್ಮಿ ಹೇಳಿದವನ ಹಾಳೆಯನ್ನು ಉಳಿದಿಬ್ಬರಿಗೆ ಕಳಿಸಿ "ಇದಕ್ಕಿಂತ ಕಮ್ಮಿಗೆ ಆಗುತ್ತಾ?" ಅಂತ ಕೇಳಿದರು. ಒಬ್ಬ ಆಗಲ್ಲ ಅಂದ. ಇನ್ನೊಬ್ಬ ಇಳಿದ. ಅಲ್ಲಿಗೆ ಮುಗಿಸಿದರು. ಇನ್ನೂ ಎರಡು ಸುತ್ತು ಆಡಬಹುದಿತ್ತು ಅಂತ ನನಗನ್ನಿಸಿತ್ತು. "ಅವನೂ ಬದುಕಬೇಕಲ್ಲ ಕಣೋ, ನಾಳೆ ಸರ್ವಿಸ್‌ಗೆ ಅಲ್ಲಿಗೇ ಹೋಗಬೇಕು" ಅಂದರು. ಅದೂ ಸರಿಯೇ.

ಕಾರಿನ ಬೆಲೆ ಮೇಲ್‌ನಲ್ಲಿ ಬಂದ ಮೇಲೆಯೇ ಅವರು ಹಳೆ ಕಾರಿನ ಮಾತೆತ್ತಿದ್ದು. ಎಕ್ಸ್‌ಚೇಂಜ್‌ನಲ್ಲಿ ಜನ ಮೋಸಹೋಗುವ ರೀತಿ ಹೀಗಿದೆ. ಹೊಸ ಕಾರು 95ಕ್ಕೆ ಸಿಗಬಹುದಾದದ್ದು, ಹಳೆಯದು ಹೊರಗೆ 30ಕ್ಕೆ ಹೋಗಬಹುದಾದದ್ದು ಅಂತಿಟ್ಟುಕೊಳ್ಳಿ. ಕೈಯಿಂದ ಹಾಕಬೇಕಾದ್ದು 65. ಶೋರೂಮಿನವರು "ನಿಮ್ಮ ಹಳೆ ಗಾಡಿಗೆ 33 ಕೊಡ್ತೀವಿ ಸರ್" ಅನ್ನುತ್ತಾರೆ. ಎದೆ ಉಬ್ಬುತ್ತದೆ. ಹೊಸ ಕಾರಿಗೆ ಪೂರ್ತಿ 100 ಹಾಕಿರುವುದು ಆ ಖುಷಿಯಲ್ಲಿ ಕಾಣುವುದಿಲ್ಲ. ನೀವು ಹಾಕಿದ್ದು 67. ಅದಕ್ಕೇ ಮೊದಲು ಹೊರಗಿನ ಎರಡು ಕಡೆ ಹಳೆ ಕಾರಿಗೆ ಬೆಲೆ ಕಟ್ಟಿಸಿ. ಸ್ವಂತವಾಗಿ ಮಾರಿದರೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಸಿಗುತ್ತದೆ, ಆದರೆ ಫೋನು, ಅಪರಿಚಿತರು, ಹೆಸರು ಬದಲಾವಣೆಯ ಓಡಾಟ ಎಲ್ಲ ನಿಮ್ಮ ತಲೆಮೇಲೆ. ಆ ಓಡಾಟಕ್ಕೆ ನೀವೇ ಒಂದು ಬೆಲೆ ಕಟ್ಟಿ, ಡೀಲರ್ ಹೇಳಿದ್ದು ಅದರೊಳಗೆ ಬಂದರೆ ಅಲ್ಲೇ ಕೊಟ್ಟುಬಿಡಿ.

ಇನ್ನು ಸಾಮಾನುಗಳ ಪಟ್ಟಿ. ಅಂಡರ್‌ಬಾಡಿ ಕೋಟಿಂಗ್ ಅಂತ ಒಂದು ಇರುತ್ತದೆ. ಕಾರ್ಖಾನೆಯಲ್ಲಿ ಪೇಂಟ್ ಹೊಡೆಯುವ ಮೊದಲೇ ಇಡೀ ಬಾಡಿಯನ್ನು ತುಕ್ಕು ತಡೆಯುವ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಲೇಪ ಹಿಡಿಸಿರುತ್ತಾರೆ. ಅದರ ಮೇಲೆ ಶೋರೂಮಿನ ಲೇಪ ಎಷ್ಟು ಬೇಕು ಅನ್ನೋದು ನೀವು ಓಡಾಡುವ ಜಾಗದ ಮೇಲೆ ಹೋಗುತ್ತದೆ. ಸಮುದ್ರದಂಚಿನ ಉಪ್ಪು ಗಾಳಿಯಲ್ಲೋ, ಹಿಮಕ್ಕೆ ಉಪ್ಪು ಚೆಲ್ಲುವ ರಸ್ತೆಯಲ್ಲೋ ಇರುವವರಿಗೆ ಉಪಯೋಗ ಇದೆ, ಉಳಿದವರಿಗೆ ಅಷ್ಟಕ್ಕಷ್ಟೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಬಹುದು, ಇವತ್ತೇ ಆಗಬೇಕೆಂದಿಲ್ಲ. ಆಕ್ಸೆಸರಿ ಫ್ರೀ ಅಂದರೆ "ಅದರ ಬದಲು ದುಡ್ಡು ಕಮ್ಮಿ ಮಾಡಿ" ಅನ್ನಿ. 5 ಅಂತ ಪಟ್ಟಿಯಲ್ಲಿ ಬರೆದ ಸಾಮಾನು ಅವರಿಗೆ 5ಕ್ಕೆ ಬಿದ್ದಿರುವುದಿಲ್ಲ. ದುಡ್ಡಿನ 5 ಮಾತ್ರ ಇಬ್ಬರಿಗೂ 5.

ಮ್ಯಾನೇಜರ್ ನಾಟಕದ ಬಗ್ಗೆ ಹೇಳದಿದ್ದರೆ ಹೇಗೆ? ನನ್ನ ಕಾರಿನ ಸಲ ಸೇಲ್ಸ್‌ಮನ್ ಪ್ರತಿಸಲ "ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ ಸರ್" ಅಂತ ಗಾಜಿನ ಕ್ಯಾಬಿನ್ನಿಗೆ ಹೋಗುತ್ತಿದ್ದ. ಒಮ್ಮೆಯಂತೂ ಅರ್ಧ ಗಂಟೆ. ಗಾಜಿನಾಚೆ ಇಬ್ಬರೂ ಫೋನ್ ನೋಡುತ್ತಾ ಕೂತಿದ್ದು ನನಗೆ ಕಾಣುತ್ತಿತ್ತು. ಕಾಯಿಸಿದಷ್ಟೂ ಕೂತವನಿಗೆ "ಇಷ್ಟು ಹೊತ್ತು ಕಾದೆ, ಬರಿಗೈಲಿ ಹೋಗೋದಾ?" ಅನ್ನಿಸತೊಡಗುತ್ತದೆ. ಇದಕ್ಕೆ ಮದ್ದು ಸುಲಭ: "ನಿಧಾನಕ್ಕೆ ಕೇಳಿ, ಫೋನ್ ಮಾಡಿ, ನಾನು ಹೊರಡ್ತೀನಿ." 'ಇವತ್ತು ಮಾತ್ರ' ಅನ್ನುವ ಆಫರ್‌ಗೂ ಇದೇ ಉತ್ತರ. ಬಹಳಷ್ಟು ಸಲ ಅದು ನಾಳೆಯೂ ಇರುತ್ತದೆ.

ಬುಕಿಂಗ್ ಹಣ ಕೊಡುವ ಮೊದಲು ಮೂರು ಸಂಗತಿ ಬರವಣಿಗೆಯಲ್ಲಿ ಇರಲಿ. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್. ಕಾರು ಬರುವುದು ಯಾವಾಗ. ಮಧ್ಯದಲ್ಲಿ ಬೆಲೆ ಏರಿದರೆ ಬುಕಿಂಗ್ ದಿನದ್ದೋ, ಡೆಲಿವರಿ ದಿನದ್ದೋ. ಪೂರ್ತಿ ದುಡ್ಡು ಕೊಡುವ ಮೊದಲು ನಿಮಗೆ ಕೊಡುವ ಕಾರನ್ನೇ ಕಣ್ಣಾರೆ ನೋಡಿ. ಚಾಸಿ ಮೇಲೆ ಕೊರೆದ 17 ಅಕ್ಷರ, ಅಂಕಿಗಳ ವಿಐಎನ್ ನಂಬರು (ಆ ಕಾರಿನ ಗುರುತಿನ ಸಂಖ್ಯೆ) ಬಿಲ್ಲಿನಲ್ಲಿ ಇರುವುದಕ್ಕೆ ತಾಳೆಯಾಗಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3524 ಅಂದರೆ 2024ರ 35ನೇ ವಾರ. ಟೈರು ಕಾರಿಗಿಂತ ಕೆಲವು ವಾರ ಹಿಂದಿನದಾಗಿದ್ದರೆ ಸಹಜ. ವರ್ಷ ಹಿಂದಿನದಾಗಿದ್ದರೆ ಕಾರು ಎಷ್ಟು ದಿನದಿಂದ ನಿಂತಿದೆ ಅಂತ ಕೇಳಿ. ಉತ್ತರ ಕೇಳಿದ ಮೇಲೆ ಬೆಲೆಯ ಮಾತನ್ನು ಮತ್ತೆ ತೆಗೆಯಬಹುದು.

ಭಾವನ ಡೆಲಿವರಿ ದಿನ ನಾನೂ ಹೋಗಿದ್ದೆ. ಕಾರಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ್ದರು. ಅಕ್ಕ ಫೋಟೋಗೆ ನಿಂತಾಗಿತ್ತು. ಕೊನೆಯ ಬಿಲ್ಲು ಬಂತು. ಅದರಲ್ಲಿ ಮೇಲ್‌ನಲ್ಲಿ ಇಲ್ಲದ ಒಂದು ಸಾಲು: 'ಎಸೆನ್ಶಿಯಲ್ ಕಿಟ್'. ಭಾವ ಏನೂ ಮಾತಾಡಲಿಲ್ಲ. ಜೇಬಿನಿಂದ ಮೇಲ್‌ನ ಪ್ರಿಂಟ್ ತೆಗೆದು ಬಿಲ್ಲಿನ ಪಕ್ಕ ಇಟ್ಟು, ಆ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು ಸುಮ್ಮನೆ ನಿಂತರು. ಸೇಲ್ಸ್‌ಮನ್ ಎರಡೂ ಕಾಗದ ಹಿಡಿದು "ಒಂದ್ನಿಮಿಷ ಸರ್" ಅಂತ ಗಾಜಿನ ಕ್ಯಾಬಿನ್ನಿಗೆ ಹೋದ. ನಾನು ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡು ಕೂತೆ. ನಾಲ್ಕೇ ನಿಮಿಷಕ್ಕೆ ಹೊಸ ಬಿಲ್ಲು ಬಂತು.